ಹಳೆಯ ಪೇಟೆ ಮತ್ತು ಸ್ಥಿತಿಕರಣ

ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವ ಧರ್ಮಬಂಧುವನ್ನು ಕೈಹಿಡಿದು ಮತ್ತೆ ಸ್ವಸ್ಥಾನದಲ್ಲಿ ನಿಲ್ಲಿಸುವುದೇ ಇದರ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ವ್ಯಕ್ತಿಗೆ ಸಂಬಂಧಿಸಿಯೇ ನಿರೂಪಿಸಿದ್ದಾರೆ. ಆದರೆ ಒಬ್ಬ ವ್ಯಕ್ತಿಯಲ್ಲ, ಒಂದು ಕೇರಿಯೇ, ಒಂದು ಪೇಟೆಯೇ ಜಾರುತ್ತಿರುವಾಗ ಶ್ರಾವಕನ ಕರ್ತವ್ಯವೇನು? ಉತ್ತರ ಕರ್ನಾಟಕದ ಒಬ್ಬ ಬಟ್ಟೆ ವ್ಯಾಪಾರಿಗೆ ಈ ಪ್ರಶ್ನೆ ಎದುರಾದದ್ದು ತನ್ನ ಊರಿನಲ್ಲಲ್ಲ, ಅಹಮದಾಬಾದಿನಲ್ಲಿ.

ಅವರು ಯೌವನದಿಂದಲೂ ಅಹಮದಾಬಾದಿಗೆ ಬಟ್ಟೆ ಖರೀದಿಗೆ ಹೋಗುತ್ತಿದ್ದವರು. ಖರೀದಿ ಮುಗಿದ ಮೇಲೆ ಕೋಟೆಯೊಳಗಿನ ಒಂದು ಪೋಳದಲ್ಲಿದ್ದ ಜಿನಾಲಯಕ್ಕೆ ಹೋಗಿ ದರ್ಶನ ಮಾಡಿ ಬರುವುದು ಅವರ ಪದ್ಧತಿ. ಮೊದಲು ಅಲ್ಲಿ ಬೆಳಗಿನ ಪೂಜೆಗೆ ನಿಲ್ಲಲು ಸ್ಥಳವಿರುತ್ತಿರಲಿಲ್ಲ. ಇತ್ತೀಚಿನ ಭೇಟಿಯಲ್ಲಿ ಅರ್ಚಕನೂ ಇಬ್ಬರು ವೃದ್ಧೆಯರೂ ಮಾತ್ರ ಇದ್ದರು. ಅಕ್ಕಪಕ್ಕದ ಮನೆಗಳು ಸರಕಿನ ಗೋದಾಮುಗಳಾಗಿದ್ದವು. ಗರ್ಭಗುಡಿಯ ಅಮೃತಶಿಲೆ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಟ್ರಸ್ಟಿನವರು ಹಣಕ್ಕೆ ಕೊರತೆಯಿಲ್ಲವೆಂದೂ ಪೂಜೆಗೆ ಬರುವ ಜನರಿಗೇ ಕೊರತೆಯೆಂದೂ ಹೇಳಿದರು.

ಈ ಮಾತಿನ ಅರ್ಥ ತಿಳಿಯಲು ಆ ನಗರದ ಇತಿಹಾಸವನ್ನು ಸ್ವಲ್ಪ ನೋಡಬೇಕು. 1411ರಲ್ಲಿ ಸುಲ್ತಾನ ಅಹಮದ್ ಷಾ ಸ್ಥಾಪಿಸಿದ ಈ ನಗರವನ್ನು ಬೆಳೆಸಿದವರಲ್ಲಿ ಜೈನ ವರ್ತಕರು ಪ್ರಮುಖರು. 1725ರಲ್ಲಿ ಮರಾಠಾ ಸೈನ್ಯ ನಗರವನ್ನು ಲೂಟಿ ಮಾಡಲು ನಿಂತಾಗ, ಶಾಂತಿದಾಸ ಜವೇರಿಯವರ ಮೊಮ್ಮಗ ನಗರಶೇಠ ಖುಶಾಲಚಂದರು ಸ್ವಂತ ಹಣ ಕೊಟ್ಟು ನಗರವನ್ನು ಉಳಿಸಿದರು. ಅವರು ಉಳಿಸಿದ್ದು ಜೈನರ ಮನೆಗಳನ್ನು ಮಾತ್ರವಲ್ಲ, ಎಲ್ಲರ ಮನೆಗಳನ್ನು. ಕೃತಜ್ಞರಾದ ವರ್ತಕರು ನೂರು ರೂಪಾಯಿಯ ಸರಕಿಗೆ ನಾಲ್ಕಾಣೆಯಂತೆ ಅವರ ಮನೆತನಕ್ಕೆ ಸಲ್ಲುವಂತೆ ಮಾಡಿದರು. ದಿಲ್ಲಿ ದರ್ವಾಜೆಯ ಹೊರಗಿನ ಧರ್ಮನಾಥ ತೀರ್ಥಂಕರರ ಜಿನಾಲಯವನ್ನು ಶೇಠ ಹಠೀಸಿಂಗರು ಆರಂಭಿಸಿದರು. ಅವರ ನಿಧನಾನಂತರ ಪತ್ನಿ ಹರಕುಂವರ ಶ್ರಾವಿಕೆಯವರು 1848ರಲ್ಲಿ ಅದನ್ನು ಪೂರ್ಣಗೊಳಿಸಿದರು. ಅದಕ್ಕೆ ಸುಮಾರು ಹತ್ತು ಲಕ್ಷ ರೂಪಾಯಿ ವೆಚ್ಚವಾಯಿತು.

ಆ ಪೋಳಗಳ ರಚನೆಯೇ ಒಂದು ನೀತಿಪಾಠವಾಗಿತ್ತು. ಒಂದೇ ಬಾಗಿಲಿನೊಳಗೆ ಹತ್ತಾರು ಮನೆಗಳು, ಮನೆಯಂಗಳದ ಕೆಳಗೆ ಮಳೆನೀರನ್ನು ಹಿಡಿದಿಡುವ ಟಾಂಕಾ, ಚೌಕದಲ್ಲಿ ಪಕ್ಷಿಗಳಿಗೆ ಕಾಳು ಹಾಕುವ ಚಬೂತರೊ. ನೀರಿನ ಮಿತವ್ಯಯ, ಜೀವದಯೆ, ನೆರೆಹೊರೆಯ ಹೊಣೆ ಇವೆಲ್ಲ ಅಲ್ಲಿ ಉಪದೇಶವಿಲ್ಲದೆಯೇ ಆಚರಣೆಯಲ್ಲಿದ್ದವು.

ಇಂಥ ಪೇಟೆ ಸೊರಗಿದ್ದು ಒಂದೇ ಕಾರಣದಿಂದಲ್ಲ. 1892ರ ಎಲ್ಲಿಸ್ ಸೇತುವೆಯಿಂದ ಸಾಬರಮತಿಯ ಪಶ್ಚಿಮ ದಡಕ್ಕೆ ದಾರಿ ಸುಗಮವಾಯಿತು. ಕಾಲಕ್ರಮದಲ್ಲಿ ಉಳ್ಳವರು ಪಾಲ್ಡಿ, ನವರಂಗಪುರಗಳಿಗೆ ಹೋಗಿ ನೆಲೆಸಿದರು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆದಾರನನ್ನು ರಕ್ಷಿಸಿತು ನಿಜ. ಆದರೆ ದಶಕಗಳ ಹಿಂದಿನ ಬಾಡಿಗೆಯಲ್ಲಿ ಮರದ ಮನೆಯ ದುರಸ್ತಿ ಮಾಡಿಸಲು ಮಾಲೀಕನಿಗೆ ಆಗಲಿಲ್ಲ. ಮಾಡಿಸುವ ಮನಸ್ಸೂ ಉಳಿಯಲಿಲ್ಲ. 1980ರ ದಶಕದಿಂದ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. 1969, 1985, 2002ರ ಗಲಭೆಗಳು ಮತ್ತು ಕರ್ಫ್ಯೂ ದಿನಗಳು ಉಳಿದಿದ್ದ ಧೈರ್ಯವನ್ನೂ ಕುಂದಿಸಿದವು. ಹಿಂಸೆ ಸತ್ತವರನ್ನು ಮಾತ್ರ ಕೊಲ್ಲುವುದಿಲ್ಲ. ಬದುಕುಳಿದವರ ನಡುವಿನ ವಿಶ್ವಾಸವನ್ನೂ ಅದು ಕೊಲ್ಲುತ್ತದೆ, ವಿಶ್ವಾಸವಿಲ್ಲದ ಕಡೆ ಪೇಟೆ ನಿಲ್ಲದು. ವ್ಯಾಪಾರಿಗಳಾದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಪುನರುಜ್ಜೀವನ ಸಾಧ್ಯವೇ? ಪ್ರಯತ್ನಗಳು ನಡೆದಿವೆ. ನಗರಪಾಲಿಕೆ 1996ರಲ್ಲಿ ಪರಂಪರೆಯ ರಕ್ಷಣೆಗಾಗಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. 1997ರಲ್ಲಿ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ಪ್ರವಾಸಿಗರನ್ನು ಕರೆದೊಯ್ಯುವ ಪಾದಯಾತ್ರೆ ಆರಂಭವಾಯಿತು. 2001ರ ಭೂಕಂಪದಲ್ಲಿ ಹೊಸ ಬಹುಮಹಡಿ ಕಟ್ಟಡಗಳು ಹಲವು ಕುಸಿದವು. ಮರದ ಚೌಕಟ್ಟಿನ ಹಳೆಯ ಮನೆಗಳಲ್ಲಿ ಬಹಳಷ್ಟು ನಿಂತವು. 2017ರ ಜುಲೈಯಲ್ಲಿ ಯುನೆಸ್ಕೋ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ನಗರವೊಂದಕ್ಕೆ ಆ ಮನ್ನಣೆ ಅದೇ ಮೊದಲು. 2022ರಲ್ಲಿ ಮೆಟ್ರೋ ರೈಲು ಹಳೆಯ ಪೇಟೆಯ ನೆಲದಡಿಯಲ್ಲಿ ಓಡಲಾರಂಭಿಸಿತು. ಕೆಲವು ಹವೇಲಿಗಳು ದುರಸ್ತಿಗೊಂಡು ಅತಿಥಿಗೃಹಗಳಾಗಿವೆ. ಮಾಣೆಕ ಚೌಕದಲ್ಲಿ ಹಗಲು ಚಿನ್ನಬೆಳ್ಳಿಯ ವ್ಯಾಪಾರ, ರಾತ್ರಿ ತಿನಿಸಿನ ಅಂಗಡಿಗಳ ಗದ್ದಲ ಇಂದಿಗೂ ಇದೆ.

ಇಷ್ಟಿದ್ದೂ ಆ ಜಿನಾಲಯದಲ್ಲಿ ಇದ್ದವರು ಇಬ್ಬರು ವೃದ್ಧೆಯರು. ಪ್ರವಾಸಿಗ ಬಂದು ನೋಡಿ ಹೋಗುತ್ತಾನೆ. ಬೆಳಗಿನ ಅಭಿಷೇಕಕ್ಕೆ ಬರುವುದು ನೆರೆಮನೆಯವನು ಮಾತ್ರ. ಪೇಟೆಗೆ ಗಿರಾಕಿ ಮರಳಿ ಬರುವುದು ಒಂದು, ಸಂಸಾರ ಮರಳಿ ಬರುವುದು ಇನ್ನೊಂದು. ಮೊದಲನೆಯದನ್ನು ಹಣ ತರಬಲ್ಲದು. ಎರಡನೆಯದಕ್ಕೆ ಹಣದ ಜೊತೆಗೆ ಯಾರಾದರೂ ಸ್ವಲ್ಪ ಲಾಭವನ್ನು ಬಿಡಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮನೆ ಪುದ್ಗಲ, ಅದು ಜೀರ್ಣವಾಗುವುದು ಸ್ವಭಾವ. ಹಳೆಯ ಗೋಡೆಗಳ ಮೇಲಿನ ಮಮತೆ ಪರಿಗ್ರಹವಲ್ಲವೇ? ಆಕ್ಷೇಪ ಸರಿಯಾದುದೇ. ಗೋಡೆಗಾಗಿ ಗೋಡೆಯನ್ನು ಪ್ರೀತಿಸಿದರೆ ಅದು ಮೋಹ. ಆದರೆ ಸ್ಥಿತಿಕರಣದ ವಿಷಯ ಗೋಡೆಯಲ್ಲ, ಗೋಡೆಯೊಳಗಿನ ಜೀವ. ಜೀವಗಳು ಪರಸ್ಪರ ಉಪಕಾರಕವೆಂದು ತತ್ತ್ವಾರ್ಥಸೂತ್ರ ಸಾರುತ್ತದೆ. ಮನೆ ಖಾಲಿಯಾದಾಗ ಆ ಉಪಕಾರದ ಕೊಂಡಿ ಕಳಚುತ್ತದೆ. ನಮ್ಮ ನಾಡಿನ ಬಸದಿಗಳ ದಾನಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಪದೇಪದೇ ಬರುತ್ತದೆ. ಅದೇ ಶಾಸನಗಳಲ್ಲಿ ಮುನಿಗಳ ಆಹಾರದಾನಕ್ಕೂ ವಿಧಿಯಿರುವುದು ಮನನೀಯ. ಒಡೆದ ಕಲ್ಲು ಮತ್ತು ಹಸಿದ ಹೊಟ್ಟೆ ಎರಡೂ ಒಂದೇ ದತ್ತಿಯ ಹೊಣೆಯಾಗಿದ್ದವು.

ನಮ್ಮ ಇಂದಿನ ಟ್ರಸ್ಟುಗಳ ಲೆಕ್ಕಪತ್ರಗಳು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹ. ಹೊಸ ಬಡಾವಣೆಯ ಜಿನಾಲಯಕ್ಕೆ, ಸಭಾಭವನಕ್ಕೆ ದಾನಿಗಳ ಹೆಸರು ಸಾಲುಸಾಲಾಗಿ ಇರುತ್ತವೆ. ಹಳೆಯ ಪೇಟೆಯ ಆಸ್ತಿಗೆ ಸವಕಳಿ ನಿಧಿಯನ್ನು ತೆಗೆದಿಡುವವರು ವಿರಳ. ಹೆಚ್ಚು ಬಾಡಿಗೆ ಬರುವುದೆಂದು ಮನೆಗಳನ್ನು ಗೋದಾಮಿಗೆ ಕೊಡುತ್ತಾರೆ. ಹಾಗೆ ಬಂದ ಬಾಡಿಗೆ ಆದಾಯವೆಂದು ಬರೆಯಲ್ಪಡುತ್ತದೆ. ಅದರಿಂದ ಹೋದ ಒಂದು ಸಂಸಾರ ಯಾವ ಪುಟದಲ್ಲೂ ನಷ್ಟವೆಂದು ಕಾಣುವುದಿಲ್ಲ. ಪ್ರಭಾವನೆಯೂ ಸಮ್ಯಕ್ತ್ವದ ಅಂಗವೇ. ಆದರೆ ಆಚಾರ್ಯರು ಎಣಿಸಿದ ಕ್ರಮದಲ್ಲಿ ಸ್ಥಿತಿಕರಣ ಅದಕ್ಕಿಂತ ಮೊದಲು ಬರುತ್ತದೆ.

ಆ ವ್ಯಾಪಾರಿ ಊರಿಗೆ ಮರಳುವಾಗ ರೈಲಿನಲ್ಲಿ ಇದೇ ಲೆಕ್ಕ ಹಾಕಿದರು. ಅವರ ಪೂರ್ವಜರ ಮನೆಯೂ ಊರಿನ ಹಳೆಯ ಪೇಟೆಯಲ್ಲಿ ಬಸದಿಯ ಪಕ್ಕದಲ್ಲೇ ಇತ್ತು. ಹೊಸ ಬಡಾವಣೆಗೆ ಹೋದ ವರ್ಷವೇ ಅದನ್ನು ಗೋದಾಮಿಗೆ ಕೊಟ್ಟಿದ್ದರು. ಅಹಮದಾಬಾದಿನ ಪೋಳವನ್ನು ಬರಿದುಮಾಡಿದವರನ್ನು ಮನಸ್ಸಿನಲ್ಲೇ ದೂಷಿಸುತ್ತ ಬಂದವರಿಗೆ ತಾವೂ ಅದೇ ಪಂಕ್ತಿಯವರೆಂದು ತಿಳಿದಾಗ ನಾಚಿಕೆಯಾಯಿತು. ಗೋದಾಮಿನ ಕರಾರು ಮುಗಿದಾಗ ಅವರು ಅದನ್ನು ನವೀಕರಿಸಲಿಲ್ಲ. ಮಕ್ಕಳ ವಿರೋಧವಿತ್ತು, ಬಾಡಿಗೆ ಅರ್ಧಕ್ಕಿಂತ ಕಡಿಮೆಯಾಗುವುದೆಂಬ ಅವರ ವಾದ ಲೆಕ್ಕದಲ್ಲಿ ತಪ್ಪೇನೂ ಆಗಿರಲಿಲ್ಲ. ಆದರೂ ಮಾಳಿಗೆ ದುರಸ್ತಿ ಮಾಡಿಸಿ, ಬಸದಿಯ ಪುರೋಹಿತರ ಸಂಸಾರಕ್ಕೂ ಒಬ್ಬ ಶಾಲಾಶಿಕ್ಷಕರ ಸಂಸಾರಕ್ಕೂ ಕೊಡುವ ಬಾಡಿಗೆಗೆ ಒಪ್ಪಿ ಮನೆಯನ್ನು ಕೊಟ್ಟರು.

ಇದರಿಂದ ಆ ಪೇಟೆ ಉದ್ಧಾರವಾಯಿತೆಂದು ಹೇಳುವಂತಿಲ್ಲ. ಎದುರಿನ ಸಾಲಿನ ಮನೆಗಳು ಇನ್ನೂ ಮುಚ್ಚಿಯೇ ಇವೆ, ಅವುಗಳಲ್ಲಿ ಎರಡು ಟ್ರಸ್ಟಿಗೇ ಸೇರಿದವು. ಆದರೆ ಸಂಜೆ ಆ ಒಂದು ಮನೆಯಲ್ಲಿ ದೀಪವಿರುತ್ತದೆ. ಬಸದಿಯ ಬಾಗಿಲು ತೆರೆಯುವ ವೇಳೆಗೆ ಇಬ್ಬರು ಮಕ್ಕಳು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಉಳಿದ ಮನೆಗಳ ಬೀಗದಕೈ ಯಾರ ಬಳಿ ಇದೆಯೋ ಆ ಶ್ರಾವಕ ಬಂಧುಗಳು ಈ ವಿಷಯವನ್ನು ತಮ್ಮ ಮುಂದಿನ ಸಭೆಯಲ್ಲಿ ವಿಚಾರಿಸುವುದು ಒಳಿತು.