ಬೆಳಕಿನ ಅಳತೆ

ಈಗಿನ ಡಿಜಿಟಲ್ ಕ್ಯಾಮರಾವು ಬೆಳಕನ್ನು ತಾನೇ ಅಳೆಯಬಲ್ಲುದು. ಆದರೆ ಎದುರಿಗಿರುವುದರಲ್ಲಿ ಮುಖ್ಯವಾವುದೆಂಬುದನ್ನು ಅದು ಅರಿಯದು. ಅದರೊಳಗಿನ ಮಾಪಕವು ದೃಶ್ಯವೆಲ್ಲವೂ ಸರಾಸರಿಯಲ್ಲಿ ನಡುಬೂದುಬಣ್ಣದ್ದೆಂದು, ಎಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಿರುಗಿಸುವುದೆಂದು ಎಣಿಸುತ್ತದೆ. ಆದುದರಿಂದ ಬಿಳುಪು ಹೆಚ್ಚಾಗಿರುವಲ್ಲಿ ಪಟವು ಮಂಕಾಗುವುದು. ಕಪ್ಪು ಹೆಚ್ಚಾಗಿರುವಲ್ಲಿ ಅತಿಯಾಗಿ ಬೆಳಗುವುದು.

ನಮ್ಮ ತಾಯಿಯವರದು ಕೃಷ್ಣವರ್ಣ. ಕಳೆದ ಯುಗಾದಿಯಂದು ಬಿಳಿಯ ಸೀರೆಯನ್ನುಟ್ಟು, ಸುಣ್ಣ ಬಳಿದ ಗೋಡೆಗೊರಗಿ ಕುಳಿತಿದ್ದರು. ಯಂತ್ರದ ಎಣಿಕೆಯಂತೆ ನಡೆದಿದ್ದರೆ ಗೋಡೆಯೂ ಸೀರೆಯೂ ಬೂದಿಯಾಗಿ, ಅವರ ಮುಖವು ಕತ್ತಲಲ್ಲಿ ಮುಳುಗುತ್ತಿದ್ದಿತು. 80 ದಾಟಿದವರ ಪಟವನ್ನು ಮತ್ತೊಮ್ಮೆ ತೆಗೆದರಾಯಿತೆಂದು ಬಿಡಲಾದೀತೆ?

ಬೆಳಕಿಗೆ ಮೂರು ಕಡಿವಾಣಗಳುಂಟು: ಮಸೂರದ ಕಂಡಿಯ ಅಗಲ, ಷಟರು ತೆರೆದಿರುವ ಕಾಲ, ಐಎಸ್ಒ ಎಂಬ ಸಂವೇದನೆಯ ಅಂಕ. ಷಟರಿನ ಕಾಲವನ್ನು 1/250 ಸೆಕೆಂಡಿನಿಂದ 1/125ಕ್ಕೆ ಏರಿಸಿದರೆ ಒಳಬರುವ ಬೆಳಕು ಇಮ್ಮಡಿಯಾಗುವುದು. ಇದನ್ನೇ ಒಂದು ಸ್ಟಾಪ್ ಎನ್ನುವರು. ಕೂಡು-ಕಳೆ ಗುರುತಿನ ಗುಂಡಿಯಿಂದ ನಾನು ಒಂದು ಸ್ಟಾಪ್ ಏರಿಸಿದೆನು. ಮುಖದ ಸುಕ್ಕುಗಳೂ ಕಣ್ಣಿನ ಹೊಳಪೂ ಎದ್ದು ಬಂದುವು.

ಇದಕ್ಕೊಂದು ಬೆಲೆಯೂ ಉಂಟು. ಡಿಜಿಟಲ್ ಪಟದಲ್ಲಿ ನೆರಳಿನೊಳಗೆ ಅಡಗಿದ ವಿವರವನ್ನು ಕಾಳುಕಾಳಾಗಿಯಾದರೂ ಆಮೇಲೆ ಮೇಲೆತ್ತಬಹುದು. ಪೂರ್ಣವಾಗಿ ಬಿಳುಪಾದುದನ್ನು ಮರಳಿ ಪಡೆಯಲಾಗದು. ಹಿಸ್ಟೋಗ್ರಾಮಿನ ರೇಖೆಯು ಬಲದಂಚಿಗೆ ಒತ್ತಿ ನಿಂತು, ಕಿಟಕಿಯಾಚೆಯ ಅಂಗಳವು ಬರಿಯ ಬಿಳುಪಾಗಿದೆಯೆಂದು ಸಾರಿತು. ಎರಡನ್ನೂ ಉಳಿಸಿಕೊಳ್ಳುವಂತಿರಲಿಲ್ಲ. ಅಂಗಳದ ಬಿಸಿಲು ನಾಳೆಯೂ ಬರುವುದಷ್ಟೆ, ಅದನ್ನು ಬಿಟ್ಟುಕೊಟ್ಟೆನು.