ಗುರ್ ಎನ್ನುವುದೂ ಒಂದು ಮಾತು

ನಾನು ಬೆಳೆದ ಮೊಹಲ್ಲಾದಲ್ಲಿ ನಾಯಿ ಕಂಡರೆ ಕೈ ಮೊದಲು ಹೋಗುತ್ತಿದ್ದುದು ಕಲ್ಲಿಗೆ. ಅದು ಕ್ರೌರ್ಯವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಜುಮಾ ನಮಾಜಿಗೆಂದು ಇಸ್ತ್ರಿ ಮಾಡಿದ ಪೈಜಾಮಕ್ಕೆ ನಾಯಿಯ ಎಂಜಲು ತಾಗಿದರೆ ಮತ್ತೆ ಮನೆಗೆ ಓಡಿ ತೊಳೆಯಬೇಕು. ಅಷ್ಟರಲ್ಲಿ ಜಮಾಅತ್ ತಪ್ಪುತ್ತದೆ. ಅದನ್ನು ದೂರ ಇಡಲು ಕಲ್ಲಿಗಿಂತ ಸುಲಭದ ಸಾಧನ ನಮಗೆ ಗೊತ್ತಿರಲಿಲ್ಲ. ಉರ್ದು ಶಾಲೆಯಲ್ಲಿ ನಮ್ಮನ್ನು ಸರಿದಾರಿಗೆ ತರಲು ಉಸ್ತಾದರಿಗೂ ಬೆತ್ತಕ್ಕಿಂತ ಸುಲಭದ ಸಾಧನ ಗೊತ್ತಿರಲಿಲ್ಲ.

ಇಂಥ ನಾನು ಕಳೆದ ವರ್ಷ ಆರು ತಿಂಗಳ ಭಾನುವಾರಗಳನ್ನು ಊರಾಚೆಯ ನಾಯಿಗಳ ಆಶ್ರಯಧಾಮವೊಂದರಲ್ಲಿ ಕಳೆದೆ. ಹೋದದ್ದು ಪ್ರಾಣಿಪ್ರೀತಿಯಿಂದಲ್ಲ. ಪಶುವೈದ್ಯಕೀಯ ಓದುತ್ತಿರುವ ಮಗಳು ಅಲ್ಲಿ ಸ್ವಯಂಸೇವಕಿ. ಆ ರಸ್ತೆಗೆ ಬಸ್ಸಿಲ್ಲ. ಸ್ಕೂಟರ್ ನನ್ನದು. ಒಳಗೆ ಕಾಲಿಡುವ ಮೊದಲೇ ಅವಳು ನನಗೆ ರೇಬೀಸ್ ಚುಚ್ಚುಮದ್ದು ಕೊಡಿಸಿದ್ದಳು.

ಅಲ್ಲಿ ಕಂದುಬಣ್ಣದ ಒಂದು ಹೆಣ್ಣುನಾಯಿ ಇತ್ತು. ಸಾಕಲು ಕೊಂಡೊಯ್ದವರು ಎರಡು ಸಲವೂ ತಂದು ಬಿಟ್ಟಿದ್ದರು. ಊಟದ ತಟ್ಟೆಯ ಹತ್ತಿರ ಯಾರಾದರೂ ಬಂದರೆ ಗುರ್ ಎನ್ನುತ್ತಿತ್ತಂತೆ. ಎರಡನೆಯ ಮನೆಯವರು ಅದು ಗುರ್ ಎಂದಾಗಲೆಲ್ಲ ಪತ್ರಿಕೆ ಸುತ್ತಿ ಮೂತಿಗೆ ಹೊಡೆದರು. ನಾಯಿ ಗುರ್ ಎನ್ನುವುದನ್ನು ಬಿಟ್ಟಿತು. ಆಮೇಲೆ ಒಂದು ದಿನ ಸದ್ದಿಲ್ಲದೆ ಕಚ್ಚಿತು.

"ಗುರ್ ಅನ್ನೋದು ಅದರ ಮಾತು ಅಬ್ಬಾ," ಎಂದಳು ಮಗಳು. "ಭಯ ಆಗ್ತಿದೆ, ದೂರ ಇರು ಅಂತ. ಹೊಡೆದ್ರೆ ಮಾತು ನಿಲ್ಲುತ್ತೆ, ಭಯ ನಿಲ್ಲಲ್ಲ."

ಅವಳು ನಾಯಿಯ ವಿಷಯವನ್ನೇ ಹೇಳಿದ್ದು. ನನಗೆ ಮಾತ್ರ ಮನೆಯಲ್ಲಿರುವ ಮಗನ ಮುಖ ಕಣ್ಣ ಮುಂದೆ ಬಂತು. ಎರಡು ವರ್ಷದ ಹಿಂದೆ, ಅಂಕಪಟ್ಟಿ ಹಿಡಿದು ನಿಂತಿದ್ದ ಅವನು ಏನೋ ಎದುರು ಮಾತಾಡಿದ. ನಾನು ಕೆನ್ನೆಗೆ ಬಾರಿಸಿದೆ. ಅಂದಿನಿಂದ ಅವನು ಎದುರಾಡಿಲ್ಲ. ನಾನು ಏನು ಕೇಳಿದರೂ "ಹೂಂ" ಎನ್ನುತ್ತಾನೆ. ಹುಡುಗ ಸುಧಾರಿಸಿದ ಎಂದು ನೆಂಟರಿಷ್ಟರ ಮುಂದೆ ಹೇಳಿಕೊಂಡು ತಿರುಗಿದವನು ನಾನೇ.

ಮುಂದಿನ ಭಾನುವಾರದಿಂದ ಸ್ಕೂಟರಿನ ಬಳಿ ಕಾಯುವುದನ್ನು ಬಿಟ್ಟು ಒಳಗೆ ಹೋದೆ. ಮಗಳು ಹೇಳಿಕೊಟ್ಟ ಪಾಠ ಸರಳವಾಗಿತ್ತು. ನಾಯಿ ಉಣ್ಣುವಾಗ ಹತ್ತು ಅಡಿ ದೂರದಲ್ಲಿ ನಿಲ್ಲಬೇಕು. ಬೇಯಿಸಿದ ಕೋಳಿಯ ಒಂದು ಚೂರನ್ನು ತಟ್ಟೆಯ ಕಡೆ ಎಸೆದು ಹಿಂದಿರುಗಬೇಕು. ಮನುಷ್ಯ ಬಂದರೆ ತಟ್ಟೆಯಲ್ಲಿರುವುದು ಹೋಗುವುದಿಲ್ಲ, ಇನ್ನಷ್ಟು ಬರುತ್ತದೆ ಎಂಬುದು ಅದರ ಮನಸ್ಸಿಗೆ ನಾಟಬೇಕು. ರಷ್ಯಾದ ಪಾವ್ಲೊವ್ ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದವನು. ಊಟ ತರುವವನನ್ನು ಕಂಡೊಡನೆ ನಾಯಿಗಳ ಬಾಯಲ್ಲಿ ನೀರೂರುವುದನ್ನು ಅವನು ಗಮನಿಸಿದ್ದ. ಇಲ್ಲಿ ಬೇಕಾಗಿದ್ದುದೂ ಅದೇ. ನನ್ನ ಹೆಜ್ಜೆಯ ಸದ್ದಿಗೆ ಇದು ಸೆಟೆದುಕೊಳ್ಳುವ ಬದಲು ಬಾಲ ಆಡಿಸಬೇಕಿತ್ತು.

ಅದು ಮೈ ಬಿಗಿ ಮಾಡಿದರೆ, ಹಸಿವಿಲ್ಲದೆಯೂ ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆಯೂ ಆಕಳಿಸಿದರೆ ಆ ದಿನ ಮುಂದೆ ಹೋಗುವಂತಿಲ್ಲ. ನೇರ ಕಣ್ಣಲ್ಲಿ ಕಣ್ಣಿಡಬಾರದು. ಮುಟ್ಟುವುದಾದರೆ ಮೇಲಿನಿಂದ ತಲೆಗೆ ಕೈ ಹಾಕದೆ, ಬದಿಯಲ್ಲಿ ಕೂತು ಎದೆಯ ಬಳಿ ಮುಟ್ಟಬೇಕು. ಒಳ್ಳೆಯದನ್ನು ಮಾಡಿದ ಆ ಕ್ಷಣವೇ ಚೂರು ಕೊಡಬೇಕು; ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಮೈಮೇಲೆ ಹಾರಿದರೆ ಬೈಯದೆ ಬೆನ್ನು ತಿರುಗಿಸಬೇಕು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತಾಡಿಸಬೇಕು. ಸಾಕಲು ಬರುವವರು ಮೊದಲ ಐದು ನಿಮಿಷದಲ್ಲೇ ಮನಸ್ಸು ಮಾಡಿಬಿಡುತ್ತಾರೆ. ಹಾರದ, ಹಗ್ಗ ಎಳೆಯದ ನಾಯಿಗೆ ಮನೆ ಸಿಗುತ್ತದೆ.

ಹತ್ತು ಅಡಿ ಎಂಟಾಗಲು ಮೂರು ವಾರ ಹಿಡಿಯಿತು. ಉಳಿದ ದಿನ ಅಲ್ಲಿಯ ಕೆಲಸದವರು ಅದೇ ಪಾಠ ಮುಂದುವರಿಸುತ್ತಿದ್ದರು. ನಾಲ್ಕು ಅಡಿಗೆ ಬಂದಾಗ ದೀಪಾವಳಿಯ ಪಟಾಕಿ ಸಿಡಿದು ನಾಯಿ ಮತ್ತೆ ಮೂಲೆ ಸೇರಿತು. ಹತ್ತು ಅಡಿಯಿಂದಲೇ ಪುನಃ ಶುರು. "ಸಬ್ರ್ ಎಂದರೆ ಸುಮ್ಮನೆ ಕಾಯುವುದಲ್ಲ" ಎಂದು ಉಸ್ತಾದರು ಹೇಳುತ್ತಿದ್ದುದು ನೆನಪಾಯಿತು. ಹೇಳುವಾಗ ಅವರ ಕೈಯಲ್ಲಿ ಬೆತ್ತವಿರುತ್ತಿತ್ತು!

ಮನೆಗೆ ಬಂದರೆ ಅಮ್ಮಿ ಬಾಗಿಲಲ್ಲೇ ನಿಲ್ಲಿಸಿ ಬಟ್ಟೆ ಬದಲಿಸಲು ಹೇಳುತ್ತಿದ್ದರು. ಒಂದು ದಿನ ಮಾತ್ರ, "ಅಸ್‌ಹಾಬೆ ಕಹಫ್‌ರ ಜೊತೆ ಗವಿಯಲ್ಲಿ ಇದ್ದದ್ದೂ ನಾಯಿಯೇ ಅಲ್ವಾ?" ಎಂದರು. ಅಂದು ನಾನು ಸೂರಾ ಮಾಇದಾ ತೆಗೆದು ನೋಡಿದೆ. ಬೇಟೆಗೆ ಪಳಗಿಸಿದ ಪ್ರಾಣಿಗಳ ಪ್ರಸ್ತಾಪ ಅಲ್ಲಿದೆ. ಅಲ್ಲಾಹನು ನಮಗೆ ಕಲಿಸಿದ್ದರಿಂದಲೇ ನಾವು ಅವಕ್ಕೆ ಕಲಿಸುತ್ತೇವೆ ಎಂಬ ಅರ್ಥ ಬರುತ್ತದೆ. ಬಾಲ್ಯದಿಂದ ಓದಿದ್ದೆ. ಕಲಿಸುವುದು ಹೇಗೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಕೊನೆಗೆ ಮಕ್ಕಳು ದೂರದಲ್ಲಿರುವ ವಯಸ್ಸಾದ ದಂಪತಿ ಅದನ್ನು ಕೊಂಡೊಯ್ದರು. ಅದು ಕಚ್ಚಿದ್ದನ್ನು ಮುಚ್ಚಿಡದೆ ಹೇಳಿ, ತಟ್ಟೆಯ ಪಾಠವನ್ನು ಅವರಿಗೂ ಕಲಿಸಿ ಕಳಿಸಿದೆವು. ವಾರದೊಳಗೆ ಆ ಹೆಂಗಸು ಗಾಬರಿಯಿಂದ ಫೋನ್ ಮಾಡಿದರು. "ಗುರ್ ಅಂತು!"

"ಒಳ್ಳೆಯದೇ ಆಯ್ತು ಆಂಟಿ. ಹೇಳ್ಕೊಳ್ತಿದೆಯಲ್ಲ! ಎರಡು ಹೆಜ್ಜೆ ಹಿಂದೆ ಸರೀರಿ," ಎಂದಳು ಮಗಳು. ನಾಯಿ ಇಂದಿಗೂ ಆ ಮನೆಯಲ್ಲೇ ಇದೆ.

ಮನೆಯಲ್ಲಿ ನಾನು ಮಗನನ್ನು ಓದಿನ ಬಗ್ಗೆ ಕೇಳುವುದನ್ನು ಬಿಟ್ಟೆ. ಹೊಡೆದದ್ದು ತಪ್ಪು ಎಂದು ಒಮ್ಮೆ ಅವನಿಗೆ ಹೇಳಿದೆ. ಅದಕ್ಕೂ "ಹೂಂ" ಎಂದ. ರಾತ್ರಿ ಊಟಕ್ಕೆ ಅವನ ಪಕ್ಕದಲ್ಲಿ ಕೂತು, ಉಂಡು ಏಳುತ್ತಿದ್ದೆ. ಹೀಗೆಯೇ ತಿಂಗಳುಗಳು ಕಳೆದವು. ಮೊನ್ನೆ ಅವನು ತಟ್ಟೆ ಸರಿಸಿ, ಗಟ್ಟಿ ದನಿಯಲ್ಲಿ, "ನನಗೆ ಸೈನ್ಸ್ ಬೇಡ. ನೀವೇ ಹೇಳಿದಿರಿ ಅಂತ ತಗೊಂಡೆ," ಎಂದ. ದನಿಯಲ್ಲಿ ಸಿಟ್ಟಿತ್ತು. ಅಮ್ಮಿ ಗಾಬರಿಯಿಂದ ನನ್ನ ಕೈಯ ಕಡೆ ನೋಡಿದರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಹೇಳು ಬೇಟಾ," ಎಂದೆ.