ಮೂಳೆ ಬೆಳೆಯುವ ತಿಂಗಳುಗಳು

ಶಸ್ತ್ರಚಿಕಿತ್ಸೆಯಾಗಿ ರೋಗಿಯು ಮನೆಗೆ ಬಂದನೆಂದರೆ ಕೆಲಸವು ಮುಗಿಯಿತೆಂದು ಭಾವಿಸುವುದು ನಮ್ಮ ಜನರ ವಾಡಿಕೆ. ಬಂಧುಗಳು ಬಾಳೆಹಣ್ಣು, ಮೂಸಂಬಿಗಳನ್ನು ಹಿಡಿದು ಬಂದು ನೋಡುವರು. ದೇವರ ಹರಕೆ ಸಲ್ಲುವುದು. ವೈದ್ಯರು ಬರೆದುಕೊಟ್ಟ ಚೀಟಿಯು ಪಂಚಾಂಗದ ಹಾಳೆಗಳ ನಡುವೆ ಸೇರಿಹೋಗುವುದು. ಎಷ್ಟೋ ಚಿಕಿತ್ಸೆಗಳಲ್ಲಿ ಇದರಿಂದ ಹೆಚ್ಚಿನ ಹಾನಿಯಾಗದೆ ಇರಬಹುದು. ಆದರೆ ಗಿಡ್ಡವಾದ ಕಾಲನ್ನು ಉದ್ದಮಾಡುವ ಚಿಕಿತ್ಸೆಯೊಂದುಂಟು. ಅದರಲ್ಲಿ ಶಸ್ತ್ರವೈದ್ಯರು ಮಾಡುವುದು ಆರಂಭ ಮಾತ್ರ. ಕಾಲು ನಿಜವಾಗಿ ಬೆಳೆಯುವುದು ಮನೆಯಲ್ಲಿ, ಮಂಚದ ಮೇಲೆ, ಮನೆಯವರ ಕಣ್ಣೆದುರಿನಲ್ಲಿ. ಆ ತಿಂಗಳುಗಳಲ್ಲಿ ಕೊಡತಕ್ಕ ಮತ್ತು ಕೊಡಬಾರದ ಔಷಧಗಳ ವಿಷಯದಲ್ಲಿ ನಾವು ಕಂಡು ಕೇಳಿ ತಿಳಿದುಕೊಂಡುದನ್ನು ಗೃಹಸ್ಥರಾದ ವಾಚಕರ ಮುಂದಿಡಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ವಾಸವು ದುರ್ಗದ ಮಗ್ಗುಲಿನ ಮದಕರಿಪುರದಲ್ಲಿ. ನಮ್ಮ ತಂಗಿಯ ಮಗನಿಗೆ ಎಂಟನೆಯ ವಯಸ್ಸಿನಲ್ಲಿ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆಯೊಳಗೆ ಕೀವಾಗಿತ್ತು. ಕೀವು ವಾಸಿಯಾಯಿತು; ಆದರೆ ಮಕ್ಕಳ ಮೂಳೆಯ ತುದಿಯ ಬಳಿ ಬೆಳವಣಿಗೆಗೆ ಕಾರಣವಾದ ಮೆತ್ತನೆಯ ಪಟ್ಟಿಯೊಂದಿರುವುದಷ್ಟೆ, ಅದು ಕೆಟ್ಟುಹೋಯಿತು. ಎಡಗಾಲು ಬೆಳೆಯಿತು, ಬಲಗಾಲು ಹಿಂದುಳಿಯಿತು. ಹತ್ತೊಂಬತ್ತನೆಯ ವಯಸ್ಸಿಗೆ ಎರಡಕ್ಕೂ 4 ಸೆಂಟಿಮೀಟರು ವ್ಯತ್ಯಾಸ. ಕುಂಟುತ್ತ ಕುಂಟುತ್ತ ಸೊಂಟವೂ ನೋಯತೊಡಗಿತು. ಕೊನೆಗೆ 2024ರ ಆಷಾಢಮಾಸದಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಷಾಢವೆಂದು ತಂಗಿಗೆ ಮನಸ್ಸು ಅಳುಕಿತು. ಆಸ್ಪತ್ರೆಯವರು ಪಂಚಾಂಗ ನೋಡಿ ದಿನ ಕೊಡುವುದಿಲ್ಲವೆಂದು ನಾವು ಸಮಾಧಾನ ಹೇಳಿದೆವು. ಅವರ ಮನೆ ಹೊಸದುರ್ಗದ ಆಚೆಯ ಹಳ್ಳಿ. ನಮ್ಮ ಮನೆಯಾದರೋ ಹೆದ್ದಾರಿಗೆ ಹತ್ತಿರ, ಅಲ್ಲಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ಪದೇ ಪದೇ ತೋರಿಸಲು ಹೋಗಬೇಕಾದುದರಿಂದ ಹುಡುಗನನ್ನು ನಮ್ಮಲ್ಲಿಯೇ ಇರಿಸಿಕೊಂಡೆವು.

ಅವನ ಕಾಲನ್ನು ಮೊದಲು ನೋಡಿದ ದಿನ ನಮ್ಮ ಮನೆಯವರು ಒಳಗೆ ಹೋಗಿ ಕಣ್ಣೊರಸಿಕೊಂಡರು. ಕಾಲಿನ ಸುತ್ತ ಲೋಹದ ಬಳೆಗಳು. ಆ ಬಳೆಗಳಿಂದ ಹೊರಟ ಸಣ್ಣ ತಂತಿಗಳು, ಸೈಕಲ್ಲಿನ ಚಕ್ರದ ಕಡ್ಡಿಗಳಂತೆ ಬಿಗಿಯಾಗಿ, ಚರ್ಮವನ್ನೂ ಮೂಳೆಯನ್ನೂ ತೂರಿ ಆಚೆ ಬದಿಗೆ ಬಂದಿವೆ. ಬಳೆಯಿಂದ ಬಳೆಗೆ ತಿರುಪಿನ ಸರಳುಗಳು. ಇದನ್ನು ಕಲ್ಪಿಸಿದವರು ಗವ್ರೀಲ್ ಇಲಿಜರೋವ್ ಎಂಬ ಸೋವಿಯೆತ್ ವೈದ್ಯರು. 1921ರಲ್ಲಿ ಹುಟ್ಟಿದ ಇವರು ಸೈಬೀರಿಯಾದ ಕುರ್ಗಾನ್ ಪ್ರಾಂತದಲ್ಲಿ ಹಳ್ಳಿಯ ವೈದ್ಯರಾಗಿ ಕೆಲಸಕ್ಕೆ ಸೇರಿ, ಮಹಾಯುದ್ಧದಲ್ಲಿ ಕೈಕಾಲು ಮುರಿದುಕೊಂಡು ಬಂದವರನ್ನು ಕಂಡು, 1951ರ ಸುಮಾರಿಗೆ ಈ ಯಂತ್ರವನ್ನು ರೂಪಿಸಿದರು. ಎತ್ತರದ ನೆಗೆತದಲ್ಲಿ 1964ರ ಟೋಕಿಯೋ ಒಲಿಂಪಿಕ್ಸಿನ ಚಿನ್ನದ ಪದಕ ಗೆದ್ದ ವಲೇರಿ ಬ್ರುಮೆಲ್ ಮರುವರ್ಷವೇ ಮೋಟಾರ್ ಸೈಕಲ್ಲಿನ ಅಪಘಾತದಲ್ಲಿ ಕಾಲನ್ನು ಜಖಂ ಮಾಡಿಕೊಂಡು, ಹಲವು ಶಸ್ತ್ರಚಿಕಿತ್ಸೆಗಳು ವಿಫಲವಾದ ಮೇಲೆ ಕುರ್ಗಾನಿಗೆ ಹೋಗಿ ಗುಣಹೊಂದಿ, ಮರಳಿ ಎರಡು ಮೀಟರಿಗೂ ಮೇಲೆ ನೆಗೆದನು. ಆದರೂ ಪಶ್ಚಿಮದ ವೈದ್ಯರು ಈ ವಿದ್ಯೆಯನ್ನು ಕಲಿಯತೊಡಗಿದುದು 1980ರ ಈಚೆಗೆ.

ಋಗ್ವೇದದಲ್ಲಿ ಕಾಲು ಕಡಿದುಹೋದ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಕೊಟ್ಟರೆಂಬ ಪ್ರಸ್ತಾಪವಿದೆ. ಸುಶ್ರುತನು ಭಗ್ನಚಿಕಿತ್ಸೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆದರೆ ಇಲ್ಲದ ಮೂಳೆಯನ್ನು ಬೆಳೆಯಿಸುವ ಮಾತು ಆತನಲ್ಲಿ ಇಲ್ಲ. ಎಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಉಂಟೆಂದು ಹೇಳುವ ಮಿತ್ರರಿಗೆ ಇದನ್ನು ಹೇಳಿದರೆ ಸ್ವಲ್ಪ ಬೇಸರವಾಗುತ್ತದೆ.

ಕ್ರಮವೇನೆಂದರೆ, ಮೂಳೆಯನ್ನು ಎಚ್ಚರಿಕೆಯಿಂದ ಕತ್ತರಿಸಿ, ಸುಮಾರು ಒಂದು ವಾರ ಹಾಗೆಯೇ ಬಿಡುವರು. ಮುರಿದ ಮೂಳೆಯು ಕೂಡಿಕೊಳ್ಳಲು ಹೊರಟು ಮೆತ್ತನೆಯ ಹೊಸ ಪದಾರ್ಥವನ್ನು ಸ್ರವಿಸುವುದು. ಅದು ಗಟ್ಟಿಯಾಗುವ ಮೊದಲೇ ತಿರುಪನ್ನು ತಿರುಗಿಸಿ ಎರಡು ತುದಿಗಳನ್ನೂ ದಿನಕ್ಕೆ 1 ಮಿಲಿಮೀಟರಿನಂತೆ ದೂರಮಾಡುವರು; ಅದನ್ನೂ ಒಂದೇ ಸಲಕ್ಕಲ್ಲ, ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಬೇಗ ಎಳೆದರೆ ನಡುವೆ ಮೂಳೆ ಕಟ್ಟುವುದಿಲ್ಲ, ನರಗಳು ನೋಯುವುವು. ತೀರ ನಿಧಾನಿಸಿದರೆ ಸಾಕಷ್ಟು ಉದ್ದವಾಗುವುದಕ್ಕೆ ಮುಂಚೆಯೇ ಮೂಳೆ ಕೂಡಿಬಿಡುವುದು. ನಾವು ಬೆಳಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 10 ಎಂದು ಗೊತ್ತುಮಾಡಿಕೊಂಡೆವು. ತ್ರಿಕಾಲ ಸಂಧ್ಯೆಗಿಂತ ಒಂದು ಹೆಚ್ಚು ಎಂದು ಹುಡುಗನು ಹಾಸ್ಯಮಾಡುತ್ತಿದ್ದನು. ಹೀಗೆ 4 ಸೆಂಟಿಮೀಟರಿಗೆ 40 ದಿನ ಸಾಕು. ಆದರೆ ಆ ಹೊಸ ಮೂಳೆ ಮೈಭಾರ ಹೊರುವಷ್ಟು ಗಟ್ಟಿಯಾಗಬೇಕಾದರೆ, ಒಂದೊಂದು ಸೆಂಟಿಮೀಟರಿಗೂ ಒಟ್ಟು ಒಂದರಿಂದ ಒಂದೂವರೆ ತಿಂಗಳವರೆಗೆ ಬಳೆಗಳು ಕಾಲಿನಲ್ಲಿಯೇ ಇರಬೇಕು. ಕೆಲವರಿಗೆ ಇನ್ನೂ ಹೆಚ್ಚು.

ನೋವಿನ ವಿಷಯವನ್ನು ಮುಚ್ಚಿಟ್ಟು ಫಲವಿಲ್ಲ. ಮೂಳೆಗಿಂತ ಮಾಂಸಖಂಡವೂ ನರವೂ ಹೆಚ್ಚು ನೋಯುವುವು, ರಾತ್ರಿಯಲ್ಲಿ ವಿಶೇಷವಾಗಿ. ಬೆಂಗಳೂರಿನ ವೈದ್ಯರು ಬರೆದುಕೊಟ್ಟದ್ದು ಎರಡು. ಒಂದು ಪ್ಯಾರಾಸಿಟಮಾಲ್, ಮತ್ತೊಂದು, ತೀರ ತಡೆಯಲಾಗದಾಗ ಮಾತ್ರ, ಟ್ರಮಡಾಲ್. ಮೊದಲನೆಯದನ್ನು ಎಲ್ಲರೂ ಬಲ್ಲರು, ಆದುದರಿಂದಲೇ ಅದರಲ್ಲಿ ಅಲಕ್ಷ್ಯ. ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಕೃಶವಾದವರಿಗೆ ಅದಕ್ಕಿಂತ ಕಡಿಮೆಯೇ ಮಿತಿ. ನೆಗಡಿಯ ಮಾತ್ರೆಯಲ್ಲಿಯೂ ಕೆಲವು ನೋವಿನ ಮಾತ್ರೆಗಳಲ್ಲಿಯೂ ಇದೇ ಔಷಧ ಬೇರೆ ಹೆಸರಿನಲ್ಲಿ ಬೆರೆತಿರುವುದರಿಂದ, ಮನೆಯವರು ತಿಳಿಯದೆಯೇ ಎರಡರಷ್ಟು ಕೊಟ್ಟಾರು. ಮಾತ್ರೆಯ ಹಾಳೆಯ ಹಿಂಬದಿಯ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡಾದರೂ ಓದತಕ್ಕದ್ದು. ಎರಡನೆಯದು ಅಫೀಮಿನ ದಾಯಾದಿ. ನಿದ್ದೆ, ತಲೆಸುತ್ತು, ವಾಂತಿ, ಅದಕ್ಕಿಂತ ಹೆಚ್ಚಾಗಿ ಮಲಬದ್ಧತೆಯನ್ನು ತರುವುದು. ಬಹುದಿನ ತೆಗೆದುಕೊಂಡರೆ ಬಿಡಲಾಗದ ಚಟವಾಗುವುದು. 2018ರಲ್ಲಿ ಸರ್ಕಾರವು ಇದನ್ನು ಮಾದಕದ್ರವ್ಯಗಳ ಕಾಯಿದೆಯೊಳಗೆ ಸೇರಿಸಿದುದು ಸುಮ್ಮನೆ ಅಲ್ಲ. ನಮ್ಮ ಮನೆಯವರು ಆ ಮಾತ್ರೆಗಳನ್ನು ಏಲಕ್ಕಿಯ ಡಬ್ಬಿಯಲ್ಲಿ ಬೀಗದೊಳಗಿಟ್ಟು, ಕೊಟ್ಟ ದಿನವನ್ನೂ ಹೊತ್ತನ್ನೂ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮಲಬದ್ಧತೆಗೆ ನೀರು, ಸೊಪ್ಪು, ಪರಂಗಿಹಣ್ಣು, ಅದಕ್ಕೂ ಬಗ್ಗದಿದ್ದರೆ ವೈದ್ಯರು ಹೇಳಿದ ಔಷಧ.

ಇನ್ನು ಚೀಟಿಯಲ್ಲಿ ಇಲ್ಲದ ಔಷಧದ ಮಾತು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದ ನೋವು-ಬಾವು ಇಳಿಸುವ ಮಾತ್ರೆಗಳು ನಮ್ಮಲ್ಲಿ ಕಡಲೆಪುರಿಯಂತೆ ಬಳಕೆಯಲ್ಲಿವೆ. ಮಂಡಿನೋವಿನ ಮುದುಕರಿರುವ ಮನೆಯಲ್ಲಿ ಅವು ಇಲ್ಲದಿರುವುದು ಅಪರೂಪ. ಮುರಿದೆಡೆಯಲ್ಲಿ ಬಾವೇರುವುದು ಹೊಸ ಮೂಳೆ ಕಟ್ಟುವ ಕೆಲಸದ ಮೊದಲ ಹೆಜ್ಜೆ. ಆಗ ದೇಹವು ಉಂಟುಮಾಡುವ ಪ್ರೋಸ್ಟಗ್ಲಾಂಡಿನ್ ಎಂಬ ರಸಗಳನ್ನೇ ಈ ಮಾತ್ರೆಗಳು ತಡೆಯುತ್ತವೆ. ಪ್ರಾಣಿಗಳ ಮೇಲಣ ಪ್ರಯೋಗಗಳಲ್ಲಿ ಮೂಳೆ ಕೂಡುವುದು ನಿಧಾನವಾದುದು ಕಂಡುಬಂದಿದೆ. ಮನುಷ್ಯರ ವಿಷಯದಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವುಂಟು, ಒಂದೆರಡು ದಿನದ ಬಳಕೆಗೆ ಅಷ್ಟು ಹೆದರಬೇಕಾಗಿಲ್ಲವೆನ್ನುವವರೂ ಇದ್ದಾರೆ. ಆದರೂ ಮೂಳೆಯನ್ನು ಬೆಳೆಯಿಸುವ ಈ ಚಿಕಿತ್ಸೆಯಲ್ಲಿ, ತಿಂಗಳುಗಟ್ಟಲೆ ಅವನ್ನು ನುಂಗುವುದು ಬೇಡವೆಂದೇ ಅನೇಕ ಶಸ್ತ್ರವೈದ್ಯರ ಅಭಿಮತ. ನಮ್ಮ ಹುಡುಗನಿಗೂ ಅದನ್ನೇ ಸ್ಪಷ್ಟವಾಗಿ ಹೇಳಿದ್ದರು.

ತಿರುಪು ಆರಂಭವಾಗಿ ಮೂರನೆಯ ವಾರ. ರಾತ್ರಿಯೆಲ್ಲ ನರಳುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದನು. “ಈಗ ಪರವಾಗಿಲ್ಲ ಮಾವ” ಎಂದನು. ನಮ್ಮ ಮನೆಯವರು ದೇವರ ದಯೆಯೆಂದರು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದ ವೈದ್ಯರು ಬಹಳ ಹೊತ್ತು ಮಾತಾಡಲಿಲ್ಲ. ಎರಡು ತುದಿಗಳ ನಡುವೆ ಮೋಡದಂತೆ ಬೆಳ್ಳಗೆ ಕಾಣಬೇಕಾದ ಹೊಸ ಮೂಳೆ ಅಲ್ಲಲ್ಲಿ ಎಳೆಯಂತೆ ಮಾತ್ರ ಕಂಡಿತು. “ಬೇರೆ ಏನು ಮಾತ್ರೆ ತಗೊಳ್ತಿದ್ದೀಯಪ್ಪಾ?” ಎಂದು ಕೇಳಿದರು. ಹುಡುಗನು ತಲೆ ತಗ್ಗಿಸಿದನು. ನೋಡಲು ಬಂದ ಗೆಳೆಯನ ಕೈಯಿಂದ ಅಂಗಡಿಯ ಮಾತ್ರೆಗಳನ್ನು ತರಿಸಿಕೊಂಡು ಹತ್ತು ದಿನಗಳಿಂದ ದಿನಕ್ಕೆ ಮೂರರಂತೆ ನುಂಗಿದ್ದನು. ಅದೇ ಗೆಳೆಯನು ಹೊಗೆಸೊಪ್ಪಿನ ಪೊಟ್ಟಣವನ್ನೂ ತಂದುಕೊಟ್ಟಿದ್ದನು. ಹೊಗೆಸೊಪ್ಪಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುಡಿಸುವುದು. ರಕ್ತವಿಲ್ಲದೆ ಮೂಳೆ ಇಲ್ಲ. ಕಾರಣ ಮಾತ್ರೆಯೋ, ಹೊಗೆಸೊಪ್ಪೋ, ಅವನ ದೇಹಪ್ರಕೃತಿಯೋ ಹೀಗೇ ಎಂದು ಹೇಳಲಾಗದೆಂದರು ವೈದ್ಯರು. ಎರಡನ್ನೂ ಅಂದೇ ನಿಲ್ಲಿಸಿ, ತಿರುಪನ್ನು ದಿನಕ್ಕೆ ನಾಲ್ಕರಿಂದ ಎರಡಕ್ಕೆ ಇಳಿಸಿದರು. ಗದರಿಸಲಿಲ್ಲ. ಅವರಿಗೆ ನಾವು ಋಣಿಗಳು. ಗದರಿಸಿದ್ದರೆ ಮುಂದೆ ಏನನ್ನಾದರೂ ಹೇಳುತ್ತಿದ್ದನೆ?

ಬಸ್ಸಿನಲ್ಲಿ ಬರುವಾಗ ತುಮಕೂರು ದಾಟುವವರೆಗೂ ಅವನು ಕಿಟಕಿಯಾಚೆ ನೋಡುತ್ತ ಕುಳಿತಿದ್ದನು. ಆಮೇಲೆ, “ನೋವು ತಡ್ಕೊಂಡಿದ್ದು ಎಲ್ಲಾ ದಂಡ ಆಯ್ತಾ ಮಾವ?” ಎಂದನು. ನಲವತ್ತು ದಿನದ ಕೆಲಸ ಅರವತ್ತಾಗುವುದು, ಅಷ್ಟೇ ಎಂದೆವು. ಹಾಗೆಂದೆವಾದರೂ ನಡುವಿನ ಆ ಎಳೆಗಳು ತುಂಬದೇ ಹೋದರೆ ಮತ್ತೊಂದು ಶಸ್ತ್ರಚಿಕಿತ್ಸೆ, ಬೇರೆ ಕಡೆಯ ಮೂಳೆ ತೆಗೆದು ಹಾಕುವುದು, ಎಂಬ ಮಾತು ನಮ್ಮ ಕಿವಿಯಲ್ಲಿಯೇ ಇತ್ತು. ತಂಗಿಗೆ ಅದನ್ನು ಹೇಳಲಿಲ್ಲ.

ಅಂದಿನಿಂದ ಮನೆಯಲ್ಲಿ ಒಂದು ಏರ್ಪಾಡಾಯಿತು: ರಾತ್ರಿ ನೋವು ಹೆಚ್ಚಿದರೆ ಹುಡುಗನು ಎಬ್ಬಿಸತಕ್ಕದ್ದು, ಯಾರೂ ಬೇಸರಿಸತಕ್ಕದ್ದಲ್ಲ. ಕಾಲಿನಡಿ ದಿಂಬು ಬದಲಿಸುವುದು, ಬೆರಳುಗಳನ್ನು ಮೆಲ್ಲಗೆ ಆಡಿಸುವುದು, ಒಂದು ಲೋಟ ಬಿಸಿ ಹಾಲು, ಏನಾದರೂ ಕಥೆ. ನಾವು ಕಾದಂಬರೀಕಥೆಯನ್ನು ಹೇಳತೊಡಗಿದೆವು. ಬಾಣನ ವಾಕ್ಯಗಳ ಉದ್ದಕ್ಕೆ ನಿದ್ದೆ ಬರದವರು ವಿರಳ. ಟ್ರಮಡಾಲಿನ ಲೆಕ್ಕ ವಾರಕ್ಕೆ ಏಳರಿಂದ ಎರಡಕ್ಕೆ ಇಳಿಯಿತು.

ತಂತಿ ಚರ್ಮದೊಳಗೆ ಹೋಗುವ ಬಾಯಿಗಳ ವಿಷಯವನ್ನೂ ಹೇಳಬೇಕು. ಅಲ್ಲಿ ಸ್ವಲ್ಪ ತಿಳಿನೀರು ಒಸರುವುದು ಸಹಜ. ಕೆಂಪೇರಿ, ಬಿಸಿಯಾಗಿ, ಕೀವು ಕಂಡು, ಜ್ವರ ಬಂದರೆ ಅದು ಸೋಂಕು. ಐದನೆಯ ವಾರದಲ್ಲಿ ಒಂದು ಬಾಯಿ ಹೀಗಾಯಿತು. ನೆರೆಯವರೊಬ್ಬರು ತಮ್ಮ ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಗಳನ್ನು ಪ್ರೀತಿಯಿಂದ ತಂದರು. ನಾವು ಕಾಲಿನ ಚಿತ್ರವನ್ನು ಫೋನಿನಲ್ಲಿ ವೈದ್ಯರಿಗೆ ಕಳುಹಿಸಿದೆವು. ಅವರು ಹೇಳಿದ್ದು ಬೇರೆ ಔಷಧ, ಏಳು ದಿನ. ನಾಲ್ಕನೆಯ ದಿನಕ್ಕೆ ಕೆಂಪು ಇಳಿದರೂ ಏಳನ್ನೂ ಪೂರೈಸಿದೆವು.

ಮೂಳೆಗೆಂದು ಕೊಡುವ ಔಷಧಗಳಲ್ಲಿಯೂ ಎಡವುವುದುಂಟು. ಡಿ ಜೀವಸತ್ವದ ಪುಡಿ 60,000 ಯೂನಿಟ್ಟಿನದು ಸಾಮಾನ್ಯವಾಗಿ ವಾರಕ್ಕೆ ಒಂದು. ಬೇಗ ಗುಣವಾಗಲೆಂದು ದಿನವೂ ಕೊಟ್ಟರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಕೇಡು. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಮಾತ್ರೆಯ ಜೊತೆಯಲ್ಲಿ ನುಂಗಬಾರದು, ಒಂದು ಇನ್ನೊಂದನ್ನು ಮೈಗೂಡಗೊಡದು. ಕೆಲವು ಆಂಟಿಬಯಾಟಿಕ್‌ಗಳಿಗೂ ಹಾಗೆಯೇ, ನಡುವೆ ಕೆಲವು ಗಂಟೆಗಳ ಬಿಡುವಿರಬೇಕು. ಆಹಾರಕ್ಕೆ ನಮ್ಮ ರಾಗಿಯೇ ಸಾಕು: ನೂರು ಗ್ರಾಮಿನಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶ. ಬೇಳೆ, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ. ಸುಶ್ರುತನು ಮೂಳೆ ಮುರಿದವನು ಉಪ್ಪು, ಖಾರ, ಹುಳಿ, ಬಿಸಿಲುಗಳನ್ನು ಬಿಡಬೇಕೆನ್ನುತ್ತಾನೆ. ತಂಗಿಯು ಅದನ್ನು ಹಿಡಿದು ಸಪ್ಪೆಯೂಟಕ್ಕೆ ಹೊರಟಳು. ಬಾಯಿ ಕೆಟ್ಟ ಹುಡುಗನು ಉಣ್ಣದಿದ್ದರೆ ಮೂಳೆ ಎಲ್ಲಿಂದ ಬಂದೀತು ಎಂದು ನಾವು ಸಾರಿಗೆ ಉಪ್ಪು ಹಾಕಿಸಿದೆವು. ಸಂಸ್ಕೃತ ಓದಿದವರೇ ಹೀಗೆಂದರೆ ಹೇಗಣ್ಣಾ ಎಂದಳು. ಇನ್ನು ನೀರು. ಈ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ ಒಂದೂವರೆ ಮಿಲಿಗ್ರಾಮಿನ ಮಿತಿಯನ್ನು ಮೀರಿದೆ, ಅದು ಮೂಳೆಗೆ ಹಿತವಲ್ಲ. ಆದುದರಿಂದ ಶುದ್ಧನೀರಿನ ಘಟಕದ ಕ್ಯಾನೇ ಅವನಿಗೆ.

ಮಂಗರಬಳ್ಳಿಯನ್ನು ಸಂಸ್ಕೃತದಲ್ಲಿ ಅಸ್ಥಿಶೃಂಖಲೆ ಎನ್ನುವರು. ಅದರ ಚಟ್ನಿಯನ್ನು ತಂಗಿ ತಂದಾಗ ವೈದ್ಯರನ್ನು ಕೇಳಿ, ಅವರು ಅಡ್ಡಿಯಿಲ್ಲವೆಂದ ಮೇಲೆ ಬಡಿಸಿದೆವು. ಆದರೆ ಯಾರೋ ಕೊಟ್ಟ ಹೆಸರಿಲ್ಲದ ಕರಿಗುಳಿಗೆಯನ್ನು ಮುಟ್ಟಗೊಡಲಿಲ್ಲ. ಅಂಥವುಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡು ಬೆರೆತಿರುವುದು. ನೋವು ಮಾಯವಾಗುವುದು, ಮೂಳೆಯೂ ಸವೆಯುವುದು.

ಔಷಧದಷ್ಟೇ ಮುಖ್ಯವಾದುದು ಪಾದದ ವ್ಯಾಯಾಮ. ಮೂಳೆ ಬೆಳೆದಷ್ಟು ವೇಗವಾಗಿ ಮೀನಖಂಡ ಬೆಳೆಯದು. ಹಿಮ್ಮಡಿ ಮೇಲೆದ್ದು ಕುದುರೆಯ ಗೊರಸಿನಂತೆ ಪಾದವು ನಿಂತುಬಿಡುವುದು. ಟವಲನ್ನು ಪಾದಕ್ಕೆ ಹಾಕಿ ತನ್ನೆಡೆಗೆ ಎಳೆದು ಹಿಡಿಯುವುದನ್ನು ದಿನಕ್ಕೆ ಹಲವು ಬಾರಿ ಮಾಡಿಸಿದೆವು. ಕೇವಲ ಎತ್ತರವಾಗಿ ಕಾಣಲೆಂದು ಆರೋಗ್ಯದ ಕಾಲುಗಳನ್ನೇ ಮುರಿಸಿಕೊಳ್ಳುವ ತರುಣರೂ ಈಗ ಇದ್ದಾರೆ. 2016ರಲ್ಲಿ ಹೈದರಾಬಾದಿನಲ್ಲಿ ಒಬ್ಬ ಯುವಕನು ತಂದೆತಾಯಿಗಳಿಗೆ ತಿಳಿಸದೆ ಹಾಗೆ ಮಾಡಿಸಿಕೊಂಡುದು ಪತ್ರಿಕೆಗಳಲ್ಲಿ ಬಂದಿತ್ತು. ಈ ಟವಲಿನ ಎಳೆತವನ್ನು ಒಂದು ವಾರ ನೋಡಿದ್ದರೆ ಅಂಥವರ ಉತ್ಸಾಹ ಎಷ್ಟು ಉಳಿಯುತ್ತಿತ್ತೋ ಕಾಣೆವು.

ದಸರೆಯ ಹೊತ್ತಿಗೆ ಉದ್ದ ಸೇರಿತು. ದೀಪಾವಳಿಯ ಚಿತ್ರದಲ್ಲಿ ಮೋಡ ಕಟ್ಟಿತ್ತು. ವೈದ್ಯರು ಅದನ್ನು ಬೆರಳಿನಿಂದ ತೋರಿಸಿದಾಗ ತಂಗಿಗೆ ಏನೂ ತಿಳಿಯಲಿಲ್ಲ, ಆದರೂ ಕೈಮುಗಿದಳು. 2025ರ ಶಿವರಾತ್ರಿಗೆ ಮುಂಚೆ ಬಳೆಗಳನ್ನು ತೆಗೆದರು. ತಂತಿಯ ಬಾಯಿಗಳು ಕೆಲವು ದಿನಗಳಲ್ಲಿ ಮುಚ್ಚಿದುವು. ಹೊಸ ಮೂಳೆ ಬಾಗದಿರಲೆಂದು ಇನ್ನೂ ಕೆಲವು ವಾರ ಪಟ್ಟಿ, ಊರುಗೋಲು. ಉಳಿದಿದ್ದ ಟ್ರಮಡಾಲ್ ಮಾತ್ರೆಗಳನ್ನು ಯಾರ ಕೈಗೂ ಸಿಕ್ಕದಂತೆ ಮಾಡಿ, ಏಲಕ್ಕಿಯ ಡಬ್ಬಿಯನ್ನು ನಮ್ಮ ಮನೆಯವರು ತೊಳೆದು ಬಿಸಿಲಿಗಿಟ್ಟರು. ಯುಗಾದಿಯ ಮರುವಾರ ಹುಡುಗನು ತನ್ನ ಬಲಗಾಲಿನ ಚಪ್ಪಲಿಯನ್ನು ಹಿಡಿದು ದುರ್ಗದ ಪೇಟೆಗೆ ಹೋಗಿ, ಅದರ ಅಡಿಗೆ ಹಾಕಿಸಿದ್ದ ದಪ್ಪನೆಯ ಅಟ್ಟೆಯನ್ನು ಕಿತ್ತುಹಾಕಿಸಿಕೊಂಡು ಬಂದನು. ಚಪ್ಪಲಿ ಹೊಲಿಯುವವನು ಅದಕ್ಕೆ ಕಾಸು ತೆಗೆದುಕೊಳ್ಳಲಿಲ್ಲವಂತೆ.